ಎಂಎಂಎ ಅಭ್ಯಾಸ ಮೂರನೇ ವಾರಕ್ಕೇ ನಿಂತುಹೋಗದಂತೆ ನೋಡಿಕೊಳ್ಳುವುದು ಹೇಗೆ?

"ಜೋಶ್‌ನಲ್ಲಿ ಸೇರಿಕೊಂಡೆ, ಮೂರು ವಾರ ಬಿಡದೆ ಹೋದೆ, ಆಮೇಲೆ ಯಾಕೋ ಕಾಲೇ ಏಳ್ತಿಲ್ಲ. ಶಿಸ್ತು ಬರೋದು ಹೇಗೆ?" ಮೆಸೇಜಿನ ಪದಗಳು ಬದಲಾಗುತ್ತವೆ, ಪ್ರಶ್ನೆ ಇದೇ. ಕೇಳುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಐಟಿ ಕೆಲಸದವರಿದ್ದಾರೆ, ಮಗು ಸ್ಕೂಲಿಗೆ ಹೋಗಲು ಶುರುವಾದ ಮೇಲೆ ತಮಗೂ ಒಂದು ಗಂಟೆ ಸಿಕ್ಕಿದೆ ಅನ್ನುವ ಅಮ್ಮಂದಿರೂ ಇದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಯಿತು. ಒಮ್ಮೆ ಕೂತು ಪೂರ್ತಿ ಬರೆದಿದ್ದೇನೆ.

ನಾನು ದೊಡ್ಡ ಫೈಟರ್ ಏನಲ್ಲ. ಬೆಂಗಳೂರಿನಲ್ಲಿ ಕೆಲಸ, ಸಂಜೆ ಮ್ಯಾಟ್. ಏಳು ವರ್ಷ ಆಯಿತು. ಎರಡು ಅಮೆಚೂರ್ ಪಂದ್ಯ ಆಡಿದ್ದೇನೆ, ಒಂದು ಗೆದ್ದೆ, ಒಂದು ಸೋತೆ. ಈಗ ಹೊಸಬರ ಬ್ಯಾಚಿನಲ್ಲಿ ಕೋಚ್‌ಗೆ ಸಹಾಯಕ್ಕೆ ನಿಲ್ಲುತ್ತೇನೆ, ಹಾಗಾಗಿ ಯಾರು ಉಳಿಯುತ್ತಾರೆ, ಯಾರು ಕಾಣೆಯಾಗುತ್ತಾರೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಬಿಟ್ಟುಹೋಗುವವರು ಸೋಮಾರಿಗಳಲ್ಲ. ಬಹಳ ಸಲ ಅವರೇ ಮೊದಲ ವಾರ ಎಲ್ಲರಿಗಿಂತ ಜಾಸ್ತಿ ಬೆವರು ಸುರಿಸಿದವರು. ವಾರಕ್ಕೆ ಆರು ದಿನ, ಬೆಳಿಗ್ಗೆ ಓಟ, ಸಂಜೆ ಕ್ಲಾಸ್, ಮೈದಾ ಬಂದ್, ಸಕ್ಕರೆ ಬಂದ್. ಇದಕ್ಕೆ ನಮ್ಮಲ್ಲಿ ಆರಂಭಶೂರತ್ವ ಅಂತ ಸರಿಯಾದ ಹೆಸರೇ ಇದೆ. ಮೂರನೇ ವಾರಕ್ಕೆ ಮೊಣಕಾಲು ಹಿಡಿದುಕೊಳ್ಳುತ್ತದೆ, ಇಲ್ಲವೇ ಮೂಗಿಗೆ ಒಂದು ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಈ ಆಟದಲ್ಲಿ ಶಿಸ್ತು ಅಂದರೆ ಅರ್ಧ ತಪ್ಪದೆ ಹೋಗುವುದು, ಇನ್ನರ್ಧ ತನ್ನ ಕೈಯನ್ನು ತಾನೇ ಹಿಡಿದುಕೊಳ್ಳುವುದು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ಎಂಎಂಎ ಅಂದರೆ ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್. ಬಾಕ್ಸಿಂಗಿನ ಗುದ್ದು, ಮುಯ್ ಥಾಯ್‌ನ ಒದೆ, ಕುಸ್ತಿಯ ಪಟ್ಟು, ಜುಜಿತ್ಸುವಿನ ನೆಲದ ಕಾಳಗ ಎಲ್ಲ ಸೇರಿದ ಆಟ. ವೃತ್ತಿಪರ ಪಂದ್ಯ 5 ನಿಮಿಷದ 3 ಸುತ್ತು, ಪ್ರಶಸ್ತಿ ಪಂದ್ಯವಾದರೆ 5 ಸುತ್ತು, ನಡುವೆ 1 ನಿಮಿಷ ವಿರಾಮ.

ಶುರು ಮಾಡುವ ಮೊದಲು ಏನೇನು ಬೇಕು

ಮೊದಲ ತಿಂಗಳಿಗೆ ಬೇಕಾದ್ದು ಬಹಳ ಕಡಿಮೆ. ಮೈಗಂಟುವ ಟೀ ಶರ್ಟ್, ಜೇಬು ಮತ್ತು ಜಿಪ್ ಇಲ್ಲದ ಶಾರ್ಟ್ಸ್ (ಜೇಬಿನಲ್ಲಿ ಎದುರಿನವರ ಬೆರಳು ಸಿಕ್ಕಿಕೊಂಡರೆ ಮುರಿಯುತ್ತದೆ), ಮೌತ್‌ಗಾರ್ಡ್, ಒಂದು ಜೊತೆ ಕೈಗೆ ಸುತ್ತುವ ಹ್ಯಾಂಡ್‌ರ‍್ಯಾಪ್, ಗಂಡಸರಿಗೆ ತೊಡೆಸಂದಿಯ ರಕ್ಷಣೆಗೆ ಗ್ರೋಯಿನ್ ಗಾರ್ಡ್. ಮೌತ್‌ಗಾರ್ಡನ್ನು ಬಿಸಿನೀರಿನಲ್ಲಿ ಅದ್ದಿ ಹಲ್ಲಿಗೆ ಕಚ್ಚಿಸಿಕೊಳ್ಳುವ ಥರದ್ದು ಸಾಕು. ಗ್ಲೌಸ್ ಮೊದಲ ತಿಂಗಳು ಜಿಮ್ಮಿನದ್ದೇ ಹಾಕಿಕೊಳ್ಳಿ, ಆಮೇಲೆ ಸ್ಪಾರಿಂಗ್‌ಗೆ (ಜೊತೆಗಾರರೊಂದಿಗಿನ ಅಭ್ಯಾಸ ಪಂದ್ಯಕ್ಕೆ) 16 ಔನ್ಸಿನ ಬಾಕ್ಸಿಂಗ್ ಗ್ಲೌಸ್ ತೆಗೆದುಕೊಳ್ಳಿ. ಟಿವಿಯಲ್ಲಿ ಕಾಣುವ ಬೆರಳು ತೆರೆದ ಸಣ್ಣ ಗ್ಲೌಸ್ ಸುಮಾರು 4 ಔನ್ಸಿನದು, ಅದನ್ನು ಹಾಕಿಕೊಂಡು ಗೆಳೆಯನ ಮುಖಕ್ಕೆ ಹೊಡೆಯುವುದು ಅಭ್ಯಾಸವಲ್ಲ, ಜಗಳ.

ಬಿಪಿ, ಹೃದಯದ ತೊಂದರೆ, ಫಿಟ್ಸ್, ಹಳೆಯ ಮೊಣಕಾಲು ಇಲ್ಲವೇ ಭುಜದ ಪೆಟ್ಟು, ಕಣ್ಣಿನ ಆಪರೇಷನ್, ಇವುಗಳಲ್ಲಿ ಯಾವುದಿದ್ದರೂ ಮೊದಲು ಡಾಕ್ಟರ ಹತ್ತಿರ ಹೋಗಿ ಬನ್ನಿ, ಕೋಚ್‌ಗೂ ಹೇಳಿ. ಮುಚ್ಚಿಡುವವರು ಇದ್ದಾರೆ. ಮುಚ್ಚಿಟ್ಟು ಯಾರಿಗೆ ಏನು ಲಾಭವೋ ಗೊತ್ತಿಲ್ಲ.

1. ಗುರಿ ಆಮೇಲೆ, ಮೊದಲು ದಿನ ಮತ್ತು ಹೊತ್ತು

"ಆರು ತಿಂಗಳಲ್ಲಿ ಫೈಟ್ ಆಡಬೇಕು" ಅನ್ನುವುದು ಗುರಿ. ಅದು ಮಂಗಳವಾರ ಸಂಜೆ ಏಳೂಕಾಲಿಗೆ, ಹೊರಗೆ ಜಿಟಿಜಿಟಿ ಮಳೆ ಇರುವಾಗ, ನಿಮ್ಮನ್ನು ಕುರ್ಚಿಯಿಂದ ಎಬ್ಬಿಸುವುದಿಲ್ಲ. ಎಬ್ಬಿಸುವುದು ಮೊದಲೇ ಗೊತ್ತುಮಾಡಿದ ಹೊತ್ತು. ಹಾಗಾಗಿ ವಾರಕ್ಕೆ ಮೂರು ದಿನ ಆರಿಸಿಕೊಳ್ಳಿ. ಮಂಗಳ, ಗುರು, ಶನಿ ಆಗಬಹುದು. ಅದಕ್ಕಿಂತ ಜಾಸ್ತಿ ಮೊದಲ ಎರಡು ತಿಂಗಳು ಬೇಡವೇ ಬೇಡ, ಎಷ್ಟೇ ಹುರುಪಿದ್ದರೂ. ನಾಲ್ಕನೇ ದಿನ ಹೋಗಬೇಕು ಅನ್ನಿಸುತ್ತಿದ್ದರೆ ಒಳ್ಳೆಯದೇ, ಆ ಆಸೆ ಮುಂದಿನ ವಾರಕ್ಕೆ ಉಳಿಯಲಿ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಿನವೂ ಮಾಡುವ ಒಂದು ಹೊಸ ಕೆಲಸ ತಾನಾಗಿಯೇ ಆಗುವ ರೂಢಿಯಾಗಲು ಸರಾಸರಿ 66 ದಿನ ಹಿಡಿಯಿತು. ಜನರಿಂದ ಜನರಿಗೆ 18 ದಿನದಿಂದ 254 ದಿನದ ತನಕ ವ್ಯತ್ಯಾಸವಿತ್ತು. ಅದೂ ನೀರು ಕುಡಿಯುವುದು, ಹಣ್ಣು ತಿನ್ನುವುದು, ಸ್ವಲ್ಪ ಹೊತ್ತು ಓಡುವುದರಂಥ ಸಣ್ಣ ಕೆಲಸಗಳಿಗೆ. ಮೈಯೆಲ್ಲ ನೋಯುವ ಕೆಲಸ ಇಪ್ಪತ್ತೊಂದು ದಿನದಲ್ಲಿ ರೂಢಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಅದೇ ಅಧ್ಯಯನದಲ್ಲಿ ಇನ್ನೊಂದು ಸಮಾಧಾನದ ವಿಷಯ ಇದೆ: ನಡುವೆ ಒಂದು ದಿನ ತಪ್ಪಿದರೆ ರೂಢಿ ಕೆಡುವುದಿಲ್ಲ. ನನ್ನ ಲೆಕ್ಕದಲ್ಲಿ ಕೆಡಿಸುವುದು ಸತತವಾಗಿ ಎರಡು ಸಲ ತಪ್ಪಿಸುವುದು. ಅದೊಂದು ಮಾತ್ರ ಆಗಲು ಬಿಡಬೇಡಿ.

ಇನ್ನು ಕೆಲವು ಸಣ್ಣ ತಂತ್ರಗಳು. ಜಿಮ್ ಬ್ಯಾಗನ್ನು ಹಿಂದಿನ ರಾತ್ರಿಯೇ ಬಾಗಿಲ ಪಕ್ಕ ಇಡಿ. ಆಫೀಸಿನಿಂದ ಮನೆಗೆ ಬಂದು ಆಮೇಲೆ ಹೊರಡುತ್ತೇನೆ ಅನ್ನಬೇಡಿ, ಸೋಫಾದಲ್ಲಿ ಕೂತವರು ಏಳುವುದಿಲ್ಲ, ನೇರ ಅಲ್ಲಿಂದಲೇ ಹೋಗಿ. ಬೆಂಗಳೂರಿನವರಿಗೆ ವಿಶೇಷ ಸೂಚನೆ: ಹದಿನೈದು ಕಿಲೋಮೀಟರ್ ದೂರದ ಪ್ರಸಿದ್ಧ ಜಿಮ್ಮಿಗಿಂತ ಮೂರು ಕಿಲೋಮೀಟರ್ ದೂರದ ಸಾಧಾರಣ ಜಿಮ್ ಮೇಲು. ಸಿಲ್ಕ್ ಬೋರ್ಡ್ ದಾಟಿ ಹೋಗಿ ಕಲಿಯುವಷ್ಟು ವಿದ್ಯೆ ಮೊದಲ ವರ್ಷದಲ್ಲಿ ನಿಮಗೆ ಬೇಕಾಗಿಲ್ಲ.

ಮನಸ್ಸೇ ಇಲ್ಲದ ದಿನಕ್ಕೆ ಒಂದು ಒಪ್ಪಂದ ಮಾಡಿಕೊಳ್ಳಿ. ಹೋಗುವುದು, ವಾರ್ಮ್ ಅಪ್ ಮಾಡುವುದು, ಅದಾದ ಮೇಲೆ ಹತ್ತು ನಿಮಿಷ. ಆಮೇಲೂ ಬೇಡ ಅನ್ನಿಸಿದರೆ ಕೋಚ್‌ಗೆ ಹೇಳಿ ವಾಪಸ್ ಬರುವುದು. ಏಳು ವರ್ಷದಲ್ಲಿ ನಾನು ಹಾಗೆ ವಾಪಸ್ ಬಂದದ್ದು ಮೂರೋ ನಾಲ್ಕೋ ಸಲ.

2. ಜಿಮ್ ಆರಿಸುವುದು

ಟ್ರಯಲ್ ಕ್ಲಾಸ್ ಕೇಳಿ. ಕೊಡದಿದ್ದರೆ ಬದಿಯಲ್ಲಿ ಕೂತು ಒಂದು ಕ್ಲಾಸ್ ನೋಡುತ್ತೇನೆ ಅನ್ನಿ. ಅದೂ ಆಗಲ್ಲ ಅಂದರೆ ಬೇರೆ ಕಡೆ ನಡೆಯಿರಿ. ನೋಡುವಾಗ ಗೋಡೆಯ ಮೇಲಿನ ಮೆಡಲ್ ನೋಡಬೇಡಿ. ಸ್ಪಾರಿಂಗ್ ನಡೆಯುವಾಗ ಕೋಚ್ ಎಲ್ಲಿರುತ್ತಾರೆ ನೋಡಿ. ಫೋನ್ ಹಿಡಿದು ಮೂಲೆಯಲ್ಲಿ ಕೂತಿದ್ದರೆ ಅದು ನಿಮಗೆ ತಕ್ಕ ಜಾಗವಲ್ಲ. ಕ್ಲಾಸಿನ ಮೊದಲು ಮತ್ತು ಆಮೇಲೆ ಮ್ಯಾಟ್ ಒರೆಸುತ್ತಾರಾ? ಹೊಸಬರನ್ನು ಮೊದಲ ದಿನವೇ ಸ್ಪಾರಿಂಗ್‌ಗೆ ಇಳಿಸುತ್ತಾರಾ? ಇಳಿಸಿದರೆ, ಅದನ್ನು ಗಂಡಸುತನದ ಪರೀಕ್ಷೆ ಅಂತ ಹೇಳಿಕೊಂಡರೆ, ದಯವಿಟ್ಟು ಚಪ್ಪಲಿ ಹಾಕಿಕೊಂಡು ಹೊರಡಿ.

ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಬೇರೆ ಇರುತ್ತದೆ. ಜೊತೆಗೆ ಬೇರೆ ಹೆಂಗಸರು ಇದ್ದಾರಾ, ಬಟ್ಟೆ ಬದಲಿಸುವ ಜಾಗಕ್ಕೆ ಚಿಲಕ ಇದೆಯಾ, ಯಾರ ಜೊತೆಗಾದರೂ ಅಭ್ಯಾಸ ಬೇಡ ಅನ್ನಿಸಿದರೆ ಕಾರಣ ಹೇಳದೆ ಬೇಡ ಅನ್ನಬಹುದಾ. ಈ ಮೂರನ್ನೂ ನೇರವಾಗಿ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕೋಚ್ ಬೇಡ.

ಊರಿನಲ್ಲಿ ಎಂಎಂಎ ಜಿಮ್ಮೇ ಇಲ್ಲ ಅನ್ನುವವರು ಬಹಳ. ಅದೊಂದು ಕೊರತೆಯೇ ಅಲ್ಲ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ (ಎಂಎಂಎಯ ದೊಡ್ಡ ವೃತ್ತಿಪರ ಪಂದ್ಯಾವಳಿ) ನಡೆದಾಗ ಗೆದ್ದ ರಾಯ್ಸ್ ಗ್ರೇಸಿ ಕಲಿತು ಬಂದಿದ್ದು ಜುಜಿತ್ಸು ಒಂದನ್ನೇ. ಈಗಿನವರು ಎಲ್ಲವನ್ನೂ ಕಲಿಯುತ್ತಾರೆ ನಿಜ, ಆದರೂ ಬಹುತೇಕರಿಗೆ ಒಂದು ತಾಯಿಬೇರು ಇರುತ್ತದೆ. ನಮ್ಮ ದೇಶದ ಎಂಎಂಎ ಫೈಟರ್ ರಿತು ಫೋಗಟ್ ಬಂದಿದ್ದು ಕುಸ್ತಿಯಿಂದ. 2024ರ ಜೂನ್‌ನಲ್ಲಿ ಯುಎಫ್‌ಸಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಪೂಜಾ ತೋಮರ್ ಬಂದಿದ್ದು ಚೀನಾದ ಸಮರಕಲೆ ವುಶುವಿನಿಂದ. ನಿಮ್ಮೂರಲ್ಲಿ ಗರಡಿ ಮನೆ ಇದೆಯಾ, ಜೂಡೋ ಹೇಳಿಕೊಡುವವರು ಇದ್ದಾರಾ, ಬಾಕ್ಸಿಂಗ್ ಇದೆಯಾ? ಅಲ್ಲಿಂದ ಶುರು ಮಾಡಿ. ಮೈಸೂರು ಕಡೆಯ ಗರಡಿಯಲ್ಲಿ ಎರಡು ವರ್ಷ ಮಟ್ಟಿಯಲ್ಲಿ ಹೊರಳಾಡಿ ಬಂದ ಹುಡುಗ ನಮ್ಮ ಮ್ಯಾಟಿಗೆ ಬಂದ ಮೊದಲ ದಿನವೇ ಅರ್ಧ ಬ್ಯಾಚನ್ನು ಕೆಡವಿದ್ದನ್ನು ನೋಡಿದ್ದೇನೆ. ಅವನಿಗೆ ನೆಲ ಅಂದರೆ ಭಯವೇ ಇರಲಿಲ್ಲ.

3. ಮೊದಲ ಎಂಟು ವಾರ: ಕಡಿಮೆ ಕಲಿಯಿರಿ

ರೀಲ್ಸ್ ನೋಡಿ ಹಾರುವ ಮೊಣಕಾಲು ಅಭ್ಯಾಸ ಮಾಡುವವರಿಗೆ ನಾನು ಏನೂ ಹೇಳಲಾರೆ. ಉಳಿದವರಿಗೆ ಎಂಟು ವಾರಕ್ಕೆ ಇಷ್ಟು ಸಾಕು: ಸರಿಯಾಗಿ ನಿಲ್ಲುವುದು, ಜ್ಯಾಬ್ ಮತ್ತು ಕ್ರಾಸ್ (ಮುಂಗೈಯ ನೇರ ಗುದ್ದು, ಹಿಂಗೈಯ ನೇರ ಗುದ್ದು), ಸ್ಪ್ರಾಲ್ (ಎದುರಿನವರು ಕಾಲಿಗೆ ಬಿದ್ದಾಗ ಕಾಲು ಹಿಂದಕ್ಕೆಸೆದು ಸೊಂಟದ ಭಾರವನ್ನು ಅವರ ಮೇಲೆ ಹಾಕುವುದು), ಮೌಂಟ್‌ನ ಅಡಿಯಿಂದ ಹೊರಬರುವುದು (ಎದೆಯ ಮೇಲೆ ಕೂತವರನ್ನು ಉರುಳಿಸುವುದು), ಗಾರ್ಡ್ (ಅಂಗಾತ ಬಿದ್ದಾಗ ಎದುರಿನವರನ್ನು ಕಾಲುಗಳ ನಡುವೆ ಹಿಡಿದಿಡುವುದು), ಮತ್ತು ನೆಲದಿಂದ ಪೆಟ್ಟು ತಿನ್ನದೆ ಎದ್ದು ನಿಲ್ಲುವುದು. ಕೊನೆಯದನ್ನು ಎಲ್ಲರೂ ಕಡೆಗಣಿಸುತ್ತಾರೆ. ನಾನು ಸೋತ ಪಂದ್ಯ ಸೋತಿದ್ದು ಅದರಿಂದಲೇ.

ಕ್ಲಾಸ್ ಇಲ್ಲದ ದಿನ ಮನೆಯಲ್ಲಿ ಹದಿನೈದೇ ನಿಮಿಷ. 3 ನಿಮಿಷದ 3 ಸುತ್ತು ಶ್ಯಾಡೋ ಬಾಕ್ಸಿಂಗ್, ಅಂದರೆ ಎದುರಾಳಿ ಇದ್ದಾನೆ ಅಂದುಕೊಂಡು ಗಾಳಿಯಲ್ಲಿ ಆಡುವುದು. ಆಮೇಲೆ ನಿಧಾನವಾಗಿ 20 ಸ್ಪ್ರಾಲ್. ಹಾಲ್‌ನಲ್ಲಿ ಜಾಗ ಇದ್ದರೆ ಬೆನ್ನ ಮೇಲೆ ಮಲಗಿ ಸೊಂಟ ಸರಿಸುತ್ತ ಆ ಗೋಡೆಯಿಂದ ಈ ಗೋಡೆಗೆ. ಮನೆಯವರು ಒಂದು ವಾರ ನಗುತ್ತಾರೆ, ಆಮೇಲೆ ಕಾಲು ಮಡಚಿ ಕೂರುತ್ತಾರೆ. ತಾಕತ್ತಿಗೆ ನಮ್ಮ ಹಳೆಯ ಬಸ್ಕಿ ಮತ್ತು ದಂಡ ಸಾಕು. ಪೈಲ್ವಾನರು ಅದರಲ್ಲೇ ತೊಡೆ, ಭುಜ ಕಟ್ಟಿಕೊಂಡಿದ್ದಾರೆ. ಆದರೆ ಅವರ ಸಂಖ್ಯೆ ಕೇಳಿ ನೀವೂ ನೂರಾರು ಬಸ್ಕಿ ಹೊಡೆಯಲು ಹೋಗಬೇಡಿ, 20ರಿಂದ ಶುರು ಮಾಡಿ.

ಇಲ್ಲಿ ಹ್ಯಾಂಡ್‌ರ‍್ಯಾಪ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಶಿಸ್ತು ಅನ್ನುವುದು ಕೈಗೆ ಸಿಕ್ಕಿದ್ದು ಇಲ್ಲೇ. ಸುಮಾರು ನಾಲ್ಕೂವರೆ ಮೀಟರ್ ಉದ್ದದ ಬಟ್ಟೆ ಅದು. ತುದಿಯ ಕುಣಿಕೆಯನ್ನು ಹೆಬ್ಬೆರಳಿಗೆ ಹಾಕಿ, ಬೆರಳುಗಳನ್ನು ಪೂರ್ತಿ ಅಗಲಿಸಿ. ಬಟ್ಟೆಯನ್ನು ಅಂಗೈ ಹಿಂಭಾಗದ ಮೇಲಿಂದ ಎಳೆದು ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು ಸುತ್ತು. ಆಮೇಲೆ ಮಣಿಕಟ್ಟಿನಿಂದ ಹೊರಟು ಕಿರುಬೆರಳು ಉಂಗುರಬೆರಳ ಸಂದಿ, ವಾಪಸ್ ಮಣಿಕಟ್ಟು, ಮುಂದಿನ ಸಂದಿ, ಹೀಗೆ ಮೂರು ಸಂದಿ. ಹೆಬ್ಬೆರಳಿಗೊಂದು ಸುತ್ತು, ಉಳಿದದ್ದನ್ನು ಗೆಣ್ಣು ಮತ್ತು ಮಣಿಕಟ್ಟಿಗೆ ಸುತ್ತಿ ವೆಲ್ಕ್ರೋ ಅಂಟಿಸಿ. ಮುಷ್ಟಿ ಕಟ್ಟಿದಾಗ ಬಿಗಿ ಇರಬೇಕು, ಬಿಟ್ಟಾಗ ಬೆರಳ ತುದಿ ನೀಲಿಯಾಗಬಾರದು. ಎರಡೂ ಕೈ ಸೇರಿ ನಾಲ್ಕು ನಿಮಿಷ ಹಿಡಿಯುತ್ತದೆ. ಆ ನಾಲ್ಕು ನಿಮಿಷ ಫೋನ್ ಮುಟ್ಟಬೇಡಿ, ಮಾತು ಬೇಡ. ಇವತ್ತು ಏನು ಒಂದು ವಿಷಯ ಗಮನಿಸುತ್ತೇನೆ ಅಂತ ಯೋಚಿಸಿ. ಗರಡಿಯಲ್ಲಿ ಮಟ್ಟಿ ಮುಟ್ಟಿ ನಮಸ್ಕಾರ ಮಾಡಿ ಇಳಿಯುತ್ತಾರಲ್ಲ, ಅದೇ ಕೆಲಸ ಇದು. ಕೆಲವು ತಿಂಗಳಾದ ಮೇಲೆ ಬಟ್ಟೆ ಸುತ್ತಲು ಶುರು ಮಾಡಿದ ಕೂಡಲೇ ಆಫೀಸು ತಲೆಯಿಂದ ತಾನಾಗಿ ಇಳಿದುಹೋಗುತ್ತದೆ.

4. ಒಂದು ನೋಟ್‌ಬುಕ್

ಆ್ಯಪ್ ಬೇಡ, ಅಂಗಡಿಯ 30 ರೂಪಾಯಿ ಪುಸ್ತಕ ಸಾಕು. ಕ್ಲಾಸ್ ಮುಗಿದು ಬಟ್ಟೆ ಬದಲಿಸುವ ಮೊದಲೇ ಬರೆಯಿರಿ, ಮನೆಗೆ ಹೋದರೆ ಮರೆತುಹೋಗುತ್ತದೆ. ನನ್ನ ಪುಸ್ತಕದ ಒಂದು ಪುಟ ಹೀಗಿದೆ:

ಗುರುವಾರ. 75 ನಿಮಿಷ. ಶ್ರಮ 7.
ಮಾಡಿದ್ದು: ಸಿಂಗಲ್ ಲೆಗ್.
ಆಯಿತು: ಗೋಡೆಗೆ ಒತ್ತಿದಾಗ.
ಆಗಲಿಲ್ಲ: ತಲೆ ಹೊರಗೆ ಬಿಡುತ್ತಿದ್ದೇನೆ. ಎರಡು ಸಲ ಗಿಲೊಟಿನ್.
ನಿನ್ನೆ ನಿದ್ದೆ: ಐದೂವರೆ ಗಂಟೆ.

ಸಿಂಗಲ್ ಲೆಗ್ ಅಂದರೆ ಎದುರಾಳಿಯ ಒಂದು ಕಾಲು ಹಿಡಿದು ಕೆಡವುವುದು. ಗಿಲೊಟಿನ್ ಅಂದರೆ ಮುಂದಿನಿಂದ ಕುತ್ತಿಗೆಗೆ ಕೈ ಸುತ್ತಿ ಅಮುಕುವ ಪಟ್ಟು. ಶ್ರಮ ಅನ್ನುವುದು ಒಂದರಿಂದ ಹತ್ತರ ಅಳತೆ, ನಿಮಗೆ ಎಷ್ಟು ಕಷ್ಟ ಅನ್ನಿಸಿತೋ ಅಷ್ಟು. ಅದನ್ನು ನಿಮಿಷದಿಂದ ಗುಣಿಸಿ: 7 × 75, 525. ವಾರದ್ದೆಲ್ಲ ಕೂಡಿ. ಹೋದ ವಾರ 1,400 ಇದ್ದದ್ದು ಈ ವಾರ ಏಕಾಏಕಿ 2,800 ಆಯಿತು ಅಂದರೆ ಮುಂದೆ ಎಲ್ಲೋ ಒಂದು ಕಡೆ ನೋವು ಕಾದಿದೆ ಅಂತಲೇ ಲೆಕ್ಕ. ಕ್ರೀಡಾ ತರಬೇತುದಾರರು ಬಳಸುವ ಸರಳ ಲೆಕ್ಕ ಇದು, ದುಬಾರಿ ವಾಚ್ ಏನೂ ಬೇಡ.

ಇನ್ನೊಂದು ಉಪಯೋಗ ಇದೆ. "ನಾನು ಕಲಿಯುತ್ತಲೇ ಇಲ್ಲ" ಅನ್ನಿಸುವ ದಿನ ಬರುತ್ತದೆ, ಎಲ್ಲರಿಗೂ ಬರುತ್ತದೆ, ಸಾಮಾನ್ಯವಾಗಿ ನಾಲ್ಕನೇ ತಿಂಗಳ ಸುತ್ತ. ಆಗ ಎರಡು ತಿಂಗಳ ಹಿಂದಿನ ಪುಟ ತೆಗೆಯಿರಿ. ಆಗ ಅಳುತ್ತಿದ್ದ ವಿಷಯಕ್ಕೆ ಈಗ ಅಳುತ್ತಿಲ್ಲ ಅನ್ನುವುದು ಕಣ್ಣಿಗೆ ಕಾಣುತ್ತದೆ.

5. ಸ್ಪಾರಿಂಗ್: ಜನ ಬಿಟ್ಟುಹೋಗುವುದು ಇಲ್ಲಿಂದ

ಸ್ಪಾರಿಂಗ್ ಅಂದರೆ ಜೊತೆಗಾರರೊಂದಿಗೆ ನಿಯಂತ್ರಣದಲ್ಲಿ ಆಡುವ ಅಭ್ಯಾಸ ಪಂದ್ಯ. "ನಿಯಂತ್ರಣದಲ್ಲಿ" ಅನ್ನುವ ಪದವನ್ನು ದಯವಿಟ್ಟು ಎರಡು ಸಲ ಓದಿ.

ನನ್ನದೇ ಕತೆ ಚಿಕ್ಕದಾಗಿ. ಎರಡನೇ ತಿಂಗಳು. ನನಗಿಂತ ಹನ್ನೆರಡು ಕೆಜಿ ಜಾಸ್ತಿ ಇದ್ದ ಒಬ್ಬ ಹಳಬನ ಜೊತೆ ಆಡುವಾಗ ನನ್ನದೊಂದು ಗುದ್ದು ಅಕಸ್ಮಾತ್ತಾಗಿ ಚೆನ್ನಾಗಿ ತಗುಲಿತು. ಖುಷಿಯಾಯಿತು. ಇನ್ನೊಂದನ್ನು ಬೇಕೆಂದೇ ಜೋರಾಗಿ ಬಿಟ್ಟೆ. ವಾಪಸ್ ಬಂದದ್ದು ಪಕ್ಕೆಲುಬಿಗೆ. ಆರು ವಾರ ಕೆಮ್ಮಿದರೂ ಕಣ್ಣಲ್ಲಿ ನೀರು. ತಪ್ಪು ಯಾರದ್ದು ಅಂತ ಆಗ ಬೇರೆಯವರನ್ನು ಬೈದೆ, ಈಗ ಕೇಳಿದರೆ ಪೂರ್ತಿ ನನ್ನದೇ.

ಹಾಗಾಗಿ ಮೊದಲ ನಿಯಮ: ಶುರುವಾಗುವ ಮುಂಚೆ ಬಾಯಿಬಿಟ್ಟು ಮಾತಾಡಿ. "ಮೂವತ್ತು ಪರ್ಸೆಂಟ್ ಆಡೋಣ, ತಲೆಗೆ ಮುಟ್ಟಿದಂತೆ ಮಾತ್ರ." ಎದುರಿನವರು ಜೋರು ಮಾಡಿದರೆ ನೀವೂ ಜೋರು ಮಾಡಬೇಡಿ, ನಿಲ್ಲಿಸಿ "ಸ್ವಲ್ಪ ನಿಧಾನ" ಅನ್ನಿ. ಎರಡನೇ ಸಲವೂ ಹಾಗೇ ಆದರೆ ಗ್ಲೌಸ್ ಮುಟ್ಟಿಸಿ ಹೊರಗೆ ಬನ್ನಿ. ಇದರಲ್ಲಿ ನಾಚಿಕೆಯಿಲ್ಲ. ಹೊಡೆತಕ್ಕೆ ಹೊಡೆತ ಅನ್ನುವ ಆ ಒಂದು ಕ್ಷಣದಲ್ಲಿ ಕೈ ತಡೆದುಕೊಂಡವರೇ ಮುಂದಿನ ವರ್ಷವೂ ಮ್ಯಾಟ್ ಮೇಲೆ ಇರುತ್ತಾರೆ.

ಎರಡನೆಯದು, ಜೋಡಿ. ದಸರಾ ಕುಸ್ತಿಗೆ ಮುಂಚೆ ಪೈಲ್ವಾನರ ತೂಕ, ವಯಸ್ಸು, ಪಳಗಿದ್ದು ನೋಡಿ ಹಿರಿಯರು ಜೋಡಿ ಕಟ್ಟುತ್ತಾರೆ. ಜಿಮ್ಮಿನಲ್ಲೂ ಹಾಗೇ ಆಗಬೇಕು. ನಿಮ್ಮ ತೂಕದವರು, ಇಲ್ಲವೇ ನಿಮಗಿಂತ ಚೆನ್ನಾಗಿ ಗೊತ್ತಿರುವ ಸಮಾಧಾನದ ಹಳಬರು. ಎಲ್ಲಕ್ಕಿಂತ ಅಪಾಯದ ಜೊತೆಗಾರ ಯಾರು ಗೊತ್ತಾ? ನಿಮ್ಮಂತೆಯೇ ಮೂರು ತಿಂಗಳು ಕಲಿತ ಇನ್ನೊಬ್ಬ.

ಮೂರನೆಯದು ಟ್ಯಾಪ್. ಪಟ್ಟಿನಲ್ಲಿ ಸಿಕ್ಕಿಬಿದ್ದಾಗ ಎದುರಿನವರ ಮೈಯನ್ನು ಇಲ್ಲವೇ ನೆಲವನ್ನು ಎರಡು ಮೂರು ಸಲ ತಟ್ಟುವುದು, ಕೈ ಸಿಕ್ಕಿಕೊಂಡಿದ್ದರೆ ಬಾಯಲ್ಲಿ "ಟ್ಯಾಪ್" ಅಂತ ಕೂಗುವುದು. ತಟ್ಟಿದ ಕೂಡಲೇ ಬಿಡಬೇಕು, ಎರಡು ಮಾತಿಲ್ಲ. ಬೇಗ ತಟ್ಟಿ. ಕುತ್ತಿಗೆಯ ಎರಡೂ ಬದಿಯ ರಕ್ತನಾಳ ಸರಿಯಾಗಿ ಒತ್ತಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಹೀಲ್ ಹುಕ್ ಅನ್ನುವ, ಹಿಮ್ಮಡಿ ತಿರುಚುವ ಪಟ್ಟು ಇದೆ, ಅದರಲ್ಲಿ ನೋವು ಗೊತ್ತಾಗುವ ಹೊತ್ತಿಗೆ ಮೊಣಕಾಲಿನ ಲಿಗಮೆಂಟ್ ಹೋಗಿರಬಹುದು. ಹೊಸಬರು ಅದನ್ನು ಹಾಕಲೂ ಬಾರದು, ಹಾಕಿಸಿಕೊಳ್ಳಲೂ ಬಾರದು. ಕ್ಲಾಸಿನಲ್ಲಿ ಹತ್ತು ಸಲ ತಟ್ಟಿದೆ ಅಂದರೆ ಹತ್ತು ಸಲ ಮತ್ತೆ ಶುರು ಮಾಡುವ ಅವಕಾಶ ಸಿಕ್ಕಿತು ಅಂತ, ಅಷ್ಟೇ.

ತಲೆಗೆ ಪೆಟ್ಟು ಬಿದ್ದಾಗ ಇವ್ಯಾವ ನಿಯಮವೂ ಸಾಲದು. ತಲೆನೋವು, ತಲೆ ಸುತ್ತು, ವಾಕರಿಕೆ, ಬೆಳಕು ನೋಡಲು ಕಿರಿಕಿರಿ, ಮಂಕು, ಆಗಷ್ಟೇ ನಡೆದದ್ದು ಮರೆಯುವುದು, ಇದರಲ್ಲಿ ಒಂದು ಕಂಡರೂ ಆ ದಿನದ ಆಟ ಮುಗಿಯಿತು. ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ, ತಪ್ಪದೆಯೂ ಕನ್ಕಶನ್, ಅಂದರೆ ಮಿದುಳಿಗೆ ಅಲುಗಾಟದ ಪೆಟ್ಟು, ಆಗಿರುತ್ತದೆ. ಒಬ್ಬರೇ ಗಾಡಿ ಓಡಿಸಿಕೊಂಡು ಹೋಗಬೇಡಿ. ವಾಂತಿ ಮತ್ತೆ ಮತ್ತೆ ಆದರೆ, ನೋವು ಏರುತ್ತಿದ್ದರೆ, ಮಾತು ತೊದಲಿದರೆ, ಜಾಸ್ತಿ ಮಂಪರು ಬಂದರೆ ನೇರ ಆಸ್ಪತ್ರೆಗೆ. ಇಲ್ಲದಿದ್ದರೂ ಡಾಕ್ಟರಿಗೆ ತೋರಿಸಿ, ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಡಿಗೆ, ಲಘು ವ್ಯಾಯಾಮ, ಡ್ರಿಲ್ (ಒಂದೇ ಪಟ್ಟನ್ನು ಮತ್ತೆ ಮತ್ತೆ ಮಾಡುವುದು), ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಸ್ಪಾರಿಂಗ್ ಎಲ್ಲಕ್ಕಿಂತ ಕೊನೆಗೆ, ಡಾಕ್ಟರು ಸರಿ ಅಂದ ಮೇಲೆ. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದರೆ ಪ್ರಾಣಕ್ಕೇ ಬರಬಹುದು. "ಏನೂ ಆಗಿಲ್ಲ ಕೋಚ್" ಅನ್ನುವುದನ್ನು ದಯವಿಟ್ಟು ಧೈರ್ಯ ಅಂದುಕೊಳ್ಳಬೇಡಿ.

6. ಮನಸ್ಸಿನ ಕಸರತ್ತು

ಭಯ ಹೋಗುತ್ತದಾ ಅಂತ ಕೇಳುತ್ತಾರೆ. ಹೋಗುವುದಿಲ್ಲ. ಅದರ ಜೊತೆ ಕೆಲಸ ಮಾಡುವುದು ರೂಢಿಯಾಗುತ್ತದೆ, ಹೊಸ ಭಾಷೆಯ ಊರಿನಲ್ಲಿ ಬಸ್ಸು ಹತ್ತುವುದು ರೂಢಿಯಾಗುವ ಹಾಗೆ.

ಮನಸ್ಸು ಗಟ್ಟಿ ಮಾಡಿಕೊಳ್ಳಲು ವಿಡಿಯೋ ನೋಡುವುದಕ್ಕಿಂತ ಈ ಅಭ್ಯಾಸ ಮಾಡಿ. ನಂಬಿಕೆಯ ಜೊತೆಗಾರರನ್ನು ಎದೆಯ ಮೇಲೆ ಕೂರಿಸಿಕೊಳ್ಳಿ. 2 ನಿಮಿಷದ ಟೈಮರ್. ಅವರು ಹೊಡೆಯುವಂತಿಲ್ಲ, ಭಾರ ಹಾಕಬಹುದು. ನೀವು ತಪ್ಪಿಸಿಕೊಳ್ಳಬೇಕು ಅಂತಿಲ್ಲ, ಮೊಣಕೈ ಪಕ್ಕೆಗೆ ಅಂಟಿಸಿ ಮೂಗಿನಲ್ಲಿ ಉಸಿರಾಡುತ್ತಿರಬೇಕು, ಅಷ್ಟೇ. ಮೊದಲ ದಿನ ನಲವತ್ತನೇ ಸೆಕೆಂಡಿಗೆ ಉಸಿರು ಕಟ್ಟಿದಂತಾಗಿ ಒದ್ದಾಡುತ್ತೀರಿ. ನಾಲ್ಕೈದು ವಾರಕ್ಕೆ ಅದೇ ಭಾರದ ಕೆಳಗೆ ಯೋಚನೆ ಮಾಡಲು ಆಗುತ್ತದೆ. ಗಾಬರಿಯಲ್ಲಿ ಒದ್ದಾಡುವವರು ಬೇಗ ಸುಸ್ತಾಗುತ್ತಾರೆ, ಸುಸ್ತಾದವರು ಪೆಟ್ಟು ತಿನ್ನುತ್ತಾರೆ. ಸುಮ್ಮನಿರುವುದೂ ಒಂದು ವಿದ್ಯೆ ಅಲ್ವಾ?

ಸುತ್ತುಗಳ ನಡುವಿನ 1 ನಿಮಿಷವನ್ನೂ ಅಭ್ಯಾಸ ಮಾಡಬೇಕು. ಕೂತು ಮೊದಲ ಇಪ್ಪತ್ತು ಸೆಕೆಂಡ್ ಉಸಿರು ಮಾತ್ರ, ಎಳೆದದ್ದಕ್ಕಿಂತ ನಿಧಾನವಾಗಿ ಬಿಡಿ. ಆಮೇಲೆ ಕೋಚ್ ಹೇಳಿದ ಒಂದೇ ಒಂದು ವಿಷಯ. ಐದು ಸೂಚನೆ ತಲೆಯಲ್ಲಿ ನಿಲ್ಲುವುದಿಲ್ಲ.

7. ನಿದ್ದೆ, ಊಟ, ಚರ್ಮ

ನಿದ್ದೆ ಏಳು ಗಂಟೆಗೆ ಕಡಿಮೆ ಬೇಡ. ಕಡಿಮೆ ಆದ ದಿನ ಡ್ರಿಲ್ ಮಾಡಿ, ಸ್ಪಾರಿಂಗ್ ಬಿಡಿ.

ಊಟಕ್ಕೆ ಹೊಸದೇನೂ ಬೇಡ. ಇಷ್ಟು ಅಭ್ಯಾಸ ಮಾಡುವವರಿಗೆ ದಿನಕ್ಕೆ ಮೈತೂಕದ ಕೆಜಿಗೆ ಸುಮಾರು 1.6 ಗ್ರಾಂ ಪ್ರೋಟೀನ್ ಇದ್ದರೆ ಒಳ್ಳೆಯದು, 65 ಕೆಜಿಯವರಿಗೆ ನೂರು ಗ್ರಾಂ ಚಿಲ್ಲರೆ. ಮುದ್ದೆ ತಿಂದರೆ ಶಕ್ತಿ ಬರುತ್ತದೆ ಅನ್ನುವುದು ಸರಿಯೇ, ಆದರೆ ಪ್ರೋಟೀನ್ ಇರುವುದು ಮುಖ್ಯವಾಗಿ ಪಕ್ಕದ ಸಾರಿನಲ್ಲಿ: ಹುರುಳಿ, ಹೆಸರುಕಾಳು, ಇಲ್ಲವೇ ಕೋಳಿ. ಒಂದು ಮೊಟ್ಟೆಗೆ 6 ಗ್ರಾಂ, 50 ಗ್ರಾಂ ಒಣ ಸೋಯಾ ಚಂಕ್ಸ್‌ಗೆ 25 ಗ್ರಾಂ. ಸಸ್ಯಾಹಾರಿಗಳಿಗೆ ಮೊಸರು, ಕಡಲೆಕಾಯಿ, ಪನೀರ್ ಸೇರಿಸಿದರೆ ಲೆಕ್ಕ ಹತ್ತಿರ ಬರುತ್ತದೆ.

ತೂಕ ಇಳಿಸಲು ನೀರು ಬಿಡುವುದು, ಪ್ಲಾಸ್ಟಿಕ್ ಸೂಟ್ ಹಾಕಿ ಓಡುವುದು, ಇದನ್ನು ವೇಟ್ ಕಟ್ ಅನ್ನುತ್ತಾರೆ. 2015ರ ಡಿಸೆಂಬರ್‌ನಲ್ಲಿ ಯಾಂಗ್ ಜಿಯಾನ್‌ಬಿಂಗ್ ಅನ್ನುವ ಚೀನಾದ ಯುವ ಫೈಟರ್ ಹೀಗೆ ತೂಕ ಇಳಿಸುವಾಗ ತೀರಿಕೊಂಡ. ಆಮೇಲೆ ಆ ಪಂದ್ಯ ನಡೆಸುತ್ತಿದ್ದ ಸಂಸ್ಥೆ, ವನ್ ಚಾಂಪಿಯನ್‌ಶಿಪ್, ಮೈಯಲ್ಲಿ ನೀರು ಸಾಕಷ್ಟಿದೆಯಾ ಅಂತ ಪರೀಕ್ಷಿಸುವ ಪದ್ಧತಿ ತಂದಿತು. ಅಮೆಚೂರ್ ಮಟ್ಟದಲ್ಲಿ ನಿಮಗೆ ಇದು ಬೇಡವೇ ಬೇಡ. ಇದ್ದ ತೂಕದಲ್ಲೇ ಆಡಿ.

ಚರ್ಮದ್ದು ನಮ್ಮ ಕಡೆ ದೊಡ್ಡ ಸಮಸ್ಯೆ, ಮಳೆಗಾಲದಲ್ಲಂತೂ ಕೇಳಬೇಡಿ. ಉಂಗುರದ ಹಾಗೆ ಕೆಂಪಗೆ, ತುರಿಕೆಯ ಕಲೆ ಎದ್ದರೆ ಅದು ಹುಳಕಡ್ಡಿ, ಕೆಲವು ಕಡೆ ಗಜಕರ್ಣ ಅನ್ನುತ್ತಾರೆ. ಮೆಡಿಕಲ್ ಶಾಪಿನವರು ಕೈಗೆ ಕೊಡುವ ಮೂರು ನಾಲ್ಕು ಔಷಧ ಬೆರೆಸಿದ ಟ್ಯೂಬ್ ಹಚ್ಚಬೇಡಿ. ಎಷ್ಟೋ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರುತ್ತದೆ, ತುರಿಕೆ ಎರಡು ದಿನದಲ್ಲಿ ನಿಲ್ಲುತ್ತದೆ, ಫಂಗಸ್ ಒಳಗೊಳಗೇ ಹರಡಿ ಆಮೇಲೆ ಯಾವ ಔಷಧಕ್ಕೂ ಬಗ್ಗುವುದಿಲ್ಲ. ಚರ್ಮದ ಡಾಕ್ಟರಿಗೆ ತೋರಿಸಿ, ವಾಸಿಯಾಗುವ ತನಕ ಮ್ಯಾಟ್ ಹತ್ತಬೇಡಿ. ಕ್ಲಾಸ್ ಮುಗಿದ ಕೂಡಲೇ ಸ್ನಾನ. ಉಗುರು ಚಿಕ್ಕದಿರಲಿ. ಒದ್ದೆ ರ‍್ಯಾಪ್ ಮತ್ತು ಗ್ಲೌಸನ್ನು ಸ್ಕೂಟರ್ ಡಿಕ್ಕಿಯಲ್ಲಿ ರಾತ್ರಿಯಿಡೀ ಬಿಟ್ಟವರನ್ನು ಮಾರನೇ ದಿನ ವಾಸನೆಯಲ್ಲೇ ಕಂಡುಹಿಡಿಯಬಹುದು.

8. ನಿಂತುಹೋದಾಗ

ನಿಂತೇ ನಿಲ್ಲುತ್ತದೆ. ಪರೀಕ್ಷೆ, ತಂಗಿಯ ಮದುವೆ, ಜ್ವರ, ಆಫೀಸಿನ ರಿಲೀಸ್. ಹತ್ತು ದಿನ ಬಿಟ್ಟು ಬಂದವರು ಮೊದಲ ದಿನವೇ ಬಾಕಿ ತೀರಿಸಲು ಹೋಗುತ್ತಾರೆ, ಮತ್ತೆ ಪೆಟ್ಟು, ಮತ್ತೆ ಹದಿನೈದು ದಿನ. ವಾಪಸ್ ಬಂದ ವಾರ ನೋಟ್‌ಬುಕ್ಕಿನ ಹಳೆಯ ಲೆಕ್ಕದ ಅರ್ಧ ಮಾತ್ರ, ಸ್ಪಾರಿಂಗ್ ಇಲ್ಲ. ಎರಡನೇ ವಾರ ಮುಕ್ಕಾಲು. ಮೂರನೇ ವಾರಕ್ಕೆ ಎಂದಿನಂತೆ.

ಪೆಟ್ಟಾಗಿ ಆಡಲು ಆಗದಿದ್ದರೆ ಅದೇ ದಿನ, ಅದೇ ಹೊತ್ತಿಗೆ ಜಿಮ್ಮಿಗೆ ಹೋಗಿ ಬದಿಯಲ್ಲಿ ಕೂರಿ. ಪಕ್ಕೆಲುಬು ಹಿಡಿದುಕೊಂಡು ಆರು ವಾರ ನಾನು ಹಾಗೆ ಕೂತಿದ್ದೆ, ಟೈಮರ್ ಒತ್ತುವ ಕೆಲಸ ನನ್ನದಾಗಿತ್ತು. ಎಲ್ಲರ ಕಾಲು ಎಲ್ಲಿ ತಪ್ಪುತ್ತದೆ ಅನ್ನುವುದು ಕಂಡಿದ್ದು ಆಗಲೇ.

ಇನ್ನು "ಫೈಟ್ ಯಾವಾಗ ಆಡಬಹುದು" ಅನ್ನುವವರಿಗೆ. ಅಂತರರಾಷ್ಟ್ರೀಯ ಅಮೆಚೂರ್ ನಿಯಮದಲ್ಲಿ 3 ನಿಮಿಷದ 3 ಸುತ್ತು ಇರುತ್ತದೆ. ಕಡಿಮೆ ಅನ್ನಿಸುತ್ತದೆ, ಕೇಜ್ (ಬಲೆಯಿಂದ ಸುತ್ತುವರಿದ ಪಂದ್ಯದ ಕಣ) ಬಾಗಿಲು ಮುಚ್ಚಿದ ಮೇಲೆ ಅದು ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ನಾನು ಆಡಿದ್ದು ಎರಡೂವರೆ ವರ್ಷಕ್ಕೆ. ನಿಮಗೆ ತಾರೀಖು ಹೇಳಬೇಕಾದ್ದು ನಿಮ್ಮ ಕೋಚ್. ಕೇಳಲು ಹೋಗುವಾಗ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಅವರು ಮೊದಲು ತಿರುವಿ ನೋಡುವುದು ನೀವು ಯಾರನ್ನು ಸೋಲಿಸಿದ್ದೀರಿ ಅನ್ನುವುದನ್ನಲ್ಲ, ಹಿಂದಿನ ಆರು ತಿಂಗಳಲ್ಲಿ ಎಷ್ಟು ಮಂಗಳವಾರ ಬಂದಿದ್ದೀರಿ ಅನ್ನುವುದನ್ನು.